ಫಾಲ್ಟಿ ಟವರ್ಸ್: ಮೇಜರ್ ಮಾತಿಗೆ ಬಿದ್ದ ಕತ್ತರಿ ಮತ್ತು ಕಣ್ಣು ತಪ್ಪಿಸಿಕೊಳ್ಳುವ ಸಣ್ಣ ಸಂಗತಿಗಳು

ಒಂಟಿಕೊಪ್ಪಲು ವಾಸಿ

‘ಫಾಲ್ಟಿ ಟವರ್ಸ್’ ಧಾರಾವಾಹಿಯಲ್ಲಿ ನಮ್ಮಲ್ಲಿ ಎಷ್ಟೋ ಜನ ನೋಡಿರುವುದು ಕತ್ತರಿ ಬಿದ್ದ ‘ದ ಜರ್ಮನ್ಸ್’ ಕಂತು. ಆ ಕತ್ತರಿ ಬಿದ್ದಿರುವುದು ಭಾರತೀಯರ ಬಗ್ಗೆ ಆಡಿದ ಮಾತಿಗೆ. ನಮ್ಮ ಬಗ್ಗೆ ಆಡಿದ ಮಾತು ಉಳಿಯಬೇಕೋ ಹೋಗಬೇಕೋ ಅಂತ ಲಂಡನ್ನಿನಲ್ಲಿ ಕೂತವರು ವರ್ಷಗಟ್ಟಲೆ ವಾದ ಮಾಡಿದರು. ಮೈಸೂರು, ಮಂಡ್ಯದಲ್ಲಿ ಕೂತು ಇದನ್ನು ಪ್ರೀತಿಯಿಂದ ನೋಡಿಕೊಂಡು ಬಂದ ನಾವೂ ಒಮ್ಮೆ ಮಾತಾಡೋಣ.

ಹೊಸಬರಿಗಾಗಿ ಎರಡು ಸಾಲು. ಇದು ಬಿಬಿಸಿಯ ಎರಡನೇ ವಾಹಿನಿಯಲ್ಲಿ ಬಂದ ಹಾಸ್ಯ ಧಾರಾವಾಹಿ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. 1975ರಲ್ಲಿ 6 ಕಂತು, 1979ರಲ್ಲಿ 6, ಒಟ್ಟು 12 ಅಷ್ಟೇ. ಟಾರ್ಕೀ ಅನ್ನೋ ಕಡಲತಡಿಯ ಊರಿನ ಹೋಟೆಲು. ಸಿಡುಕಿನ ಮಾಲೀಕ ಬೇಸಿಲ್ (ಆ ಪಾತ್ರ ಮಾಡಿದ್ದೂ ಕ್ಲೀಸ್ ಅವರೇ), ಅವನನ್ನು ಅಂಕೆಯಲ್ಲಿಟ್ಟ ಹೆಂಡತಿ ಸಿಬಿಲ್, ಕೆಲಸದ ಹುಡುಗಿ ಪಾಲಿ, ಬಾರ್ಸಿಲೋನಾದಿಂದ ಬಂದ ವೇಟರ್ ಮ್ಯಾನ್ಯುಯೆಲ್. ಅಲ್ಲೇ ಖಾಯಂ ಆಗಿ ಉಳಿದುಕೊಂಡಿರುವ ಮುದುಕ ಮೇಜರ್. ಅವನಿಗೆ ಬೇಕಾದದ್ದು ಬೆಳಗಿನ ಪೇಪರು, ಕ್ರಿಕೆಟ್ ಸ್ಕೋರು, ಸಂಜೆ ಬಾರ್ ಬಾಗಿಲು ತೆರೆಯುವುದು.

ಕತ್ತರಿ ಬಿದ್ದ ಜಾಗ ಹೀಗಿದೆ. ಸಿಬಿಲ್ ಆಸ್ಪತ್ರೆಯಲ್ಲಿದ್ದಾಳೆ. ಬೇಸಿಲ್ ಕೆಲಸದ ಅವಸರದಲ್ಲಿದ್ದಾನೆ. ಮೇಜರ್ ಅವನನ್ನು ಹಿಡಿದು ನಿಲ್ಲಿಸಿ ಹಳೇ ಕಾಲದ ಒಬ್ಬ ಹೆಂಗಸಿನ ಕತೆ ತೆಗೆಯುತ್ತಾನೆ. ಅವಳ ಅಪ್ಪ ಬ್ಯಾಂಕಿನವನು, ಆದರೆ ಯಾವ ಬ್ಯಾಂಕು ಅಂತ ಮೇಜರನಿಗೆ ನೆನಪಿಲ್ಲ. ಅವಳನ್ನು ಇಂಡಿಯಾ ತೋರಿಸಲು ಕರೆದುಕೊಂಡು ಹೋಗಿದ್ದೆ ಅಂತಾನೆ. ಬೇಸಿಲ್ ಹುಬ್ಬೇರಿಸಿದರೆ, ಓವಲ್ ಮೈದಾನದಲ್ಲಿ ಕಣಯ್ಯಾ ಅಂತಾನೆ. ನೋಡಲು ಹೋದದ್ದು ಇಂಡಿಯಾ ದೇಶವಲ್ಲ, ಇಂಡಿಯಾ ತಂಡ. ಆಮೇಲೆ ಆ ಹೆಂಗಸು ನಮ್ಮ ಆಟಗಾರರನ್ನು ಒಂದು ಹೀನ ಪದದಿಂದ ಕರೆದಳಂತೆ. ಮೇಜರ್ ಗಂಭೀರವಾಗಿ ತಿದ್ದುತ್ತಾನೆ: ಆ ಪದ ವೆಸ್ಟ್ ಇಂಡೀಸಿನವರಿಗೆ, ಇವರಿಗಿರುವುದು ಬೇರೆ ಪದ ಅಂತ ಇನ್ನೊಂದು ಹೀನ ಪದ ಹೇಳುತ್ತಾನೆ. ಕೊನೆಗೆ ಅವಳ ಹೆಸರು ನೆನಪಿಗೆ ಬಂದರೆ ಚೆನ್ನಾಗಿತ್ತು, ನನ್ನ ಪರ್ಸು ಇನ್ನೂ ಅವಳ ಹತ್ತಿರವೇ ಇದೆ ಅಂತಾನೆ.

2013ರ ಜನವರಿಯಲ್ಲಿ ಬಿಬಿಸಿ ಈ ಕಂತನ್ನು ಸಂಜೆ 7.30ಕ್ಕೆ ಮರುಪ್ರಸಾರ ಮಾಡಿದಾಗ ಆ ಪದಗಳಿದ್ದ ಮಾತುಗಳನ್ನು ತೆಗೆದರು. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತು, ಕಾಲ ಬದಲಾಗಿದೆ, ಕ್ಲೀಸ್ ಅವರ ವ್ಯವಹಾರ ನೋಡಿಕೊಳ್ಳುವವರ ಒಪ್ಪಿಗೆ ಪಡೆದಿದ್ದೇವೆ ಅಂದರು. 2020ರ ಜೂನ್‌ನಲ್ಲಿ ಬಿಬಿಸಿ ಒಡೆತನದ ಯುಕೆಟಿವಿ ಇಡೀ ಕಂತನ್ನೇ ತೆಗೆದು, ಗಲಾಟೆಯಾದ ಮೇಲೆ ಎಚ್ಚರಿಕೆಯ ಮಾತು ಸೇರಿಸಿ ವಾಪಸ್ ಹಾಕಿತು. ಆಗ ಕ್ಲೀಸ್ ಕೋಪದಿಂದಲೇ ಹೇಳಿದ್ದರು: ಮೇಜರ್ ಹಿಂದಿನ ಕಾಲದ ಪಳೆಯುಳಿಕೆ, ನಾವು ಅವನ ಅಭಿಪ್ರಾಯವನ್ನು ಬೆಂಬಲಿಸಿರಲಿಲ್ಲ, ಅದನ್ನೇ ಲೇವಡಿ ಮಾಡಿದ್ದೆವು ಅಂತ. ಆದರೆ 2024ರಲ್ಲಿ ಲಂಡನ್ನಿನ ಅಪೊಲೊ ಥಿಯೇಟರಿನಲ್ಲಿ ಇದನ್ನು ನಾಟಕ ಮಾಡಿದಾಗ ಆ ಸಾಲುಗಳನ್ನು ಅವರೇ ಕೈಬಿಟ್ಟರು.

ಆ ಮಾತು ಉಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಸಭ್ಯವಾಗಿ, ಟೈ ಕಟ್ಟಿಕೊಂಡು, ಮಗುವಿನಂಥ ಮುಖದಲ್ಲಿ ಒಬ್ಬ ಮನುಷ್ಯ ಅಂಥ ಮಾತಾಡುತ್ತಿದ್ದ ಕಾಲವೊಂದಿತ್ತು. ಅದನ್ನು ಅಳಿಸಿದರೆ ನಮಗೆ ಉಳಿಯುವುದು ಬರೀ ಮುದ್ದು ತಾತ. ಉಳಿದವರು ಹೇಳಿ.

ಸರಸ್ವತಿಪುರಂ ಟೀಚರ್

ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ಧಾರಾವಾಹಿಯನ್ನು ಜನರನ್ನು ಕೂರಿಸಿಕೊಂಡು ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ನಾವು ಕೇಳುವ ನಗು ಆ ಜನರದ್ದು. ಮೇಜರ್ ಮೊದಲ ಪದ ಹೇಳಿದಾಗಲೂ ನಗು ಬರುತ್ತದೆ, ಎರಡನೆಯದಕ್ಕೂ ಬರುತ್ತದೆ. ಅವರು ನಕ್ಕಿದ್ದು ಮೇಜರ್ ಮೇಲೋ, ಆ ಪದ ಕೇಳಿದ ಖುಷಿಗೋ? 1975ರ ಇಂಗ್ಲೆಂಡಿನಲ್ಲಿ ನಮ್ಮವರು ಬಸ್ಸಿನಲ್ಲಿ, ಶಾಲೆಯಲ್ಲಿ, ಫ್ಯಾಕ್ಟರಿಯಲ್ಲಿ ದಿನಾ ಕೇಳುತ್ತಿದ್ದ ಪದ ಅದು. ಬರೆದವರ ಉದ್ದೇಶ ಚೆನ್ನಾಗಿರಬಹುದು. ಆದರೆ ಮಾರನೇ ದಿನ ಶಾಲೆಯ ಅಂಗಳದಲ್ಲಿ ಆ ಪದ ಯಾರ ಬೆನ್ನಿಗೆ ಬೀಳುತ್ತದೆ ಅನ್ನುವುದು ಬರೆದವರ ಕೈಯಲ್ಲಿರುವುದಿಲ್ಲ. ಮಕ್ಕಳ ಜೊತೆ ವರ್ಷಾನುಗಟ್ಟಲೆ ಇದ್ದವಳಾಗಿ ಹೇಳುತ್ತೇನೆ: ಮಕ್ಕಳು ವ್ಯಂಗ್ಯವನ್ನು ಅಲ್ಲೇ ಬಿಟ್ಟು ಪದವನ್ನು ಮಾತ್ರ ಎತ್ತಿಕೊಂಡು ಹೋಗುತ್ತಾರೆ.

ರಾತ್ರಿ ತಡವಾಗಿ ಪೂರ್ತಿ ಹಾಕಲಿ, ಡಿವಿಡಿಯಲ್ಲಿ ಪೂರ್ತಿ ಇರಲಿ. ಸಂಜೆ 7.30ಕ್ಕೆ ತೆಗೆದದ್ದು ತಪ್ಪಲ್ಲ.

ಮೂರನೇ ಸಾಲು

ಹವ್ಯಾಸಿ ನಾಟಕದವನು ನಾನು. ರಂಗಾಯಣದ ಅಂಗಳದಲ್ಲಿ ನಾಟಕ ನೋಡುತ್ತಲೇ ಬೆಳೆದವನು. ನಟನೆಯ ಕಡೆಯಿಂದ ಒಂದು ಮಾತು.

ಮೇಜರ್ ಪಾತ್ರ ಮಾಡಿದ ಬ್ಯಾಲಾರ್ಡ್ ಬರ್ಕ್ಲಿ ಅವರನ್ನು ಆ ದೃಶ್ಯದಲ್ಲಿ ಗಮನಿಸಿ. ದ್ವೇಷ ಅಂತ ಒಂದೇ ಒಂದು ಎಳೆ ಇಲ್ಲ. ಆ ಹೆಂಗಸಿಗೆ ಪಾಪ ಗೊತ್ತಿರಲಿಲ್ಲ, ತಿಳಿಸಿಕೊಟ್ಟೆ ಅನ್ನುವ ಧಾಟಿ. ಸಿಟ್ಟಿನಿಂದ ಹೇಳಿದ್ದರೆ ಅವನು ಕೆಟ್ಟವನು ಅಂತ ನಾವು ಪಕ್ಕಕ್ಕೆ ಸರಿಸಿಬಿಡುತ್ತಿದ್ದೆವು. ಪ್ರೀತಿಯಿಂದ ಹೇಳುತ್ತಾನೆ, ಅದೇ ಕಷ್ಟ.

ಅದಕ್ಕೆ ಬೇಸಿಲ್‌ನ ಉತ್ತರ ಇನ್ನೂ ಮುಖ್ಯ. ಅವನಿಗೆ ಆ ಪದಗಳು ಕಿವಿಗೇ ಬೀಳುವುದಿಲ್ಲ. ಹೆಂಗಸರಿಗೆ ಗೊಂದಲ ಜಾಸ್ತಿ, ಯೋಚನೆ ಮಾಡುವ ಜಾತಿಯಲ್ಲ, ದಿನಾ ಸಿಬಿಲ್‌ಳಲ್ಲಿ ನೋಡುತ್ತೇನೆ ಅಂತ ಹೇಳಿ ಮುಂದೆ ಹೋಗುತ್ತಾನೆ. ಒಬ್ಬ ಕರಿಯರನ್ನು ಹೀಗಳೆದರೆ ಇನ್ನೊಬ್ಬ ಹೆಂಗಸರನ್ನು ಹೀಗಳೆದು ‘ಹೌದು ಹೌದು’ ಅಂತಾನೆ. ಇಬ್ಬರ ಮಾತೂ ಜೊತೆಯಲ್ಲಿ ಇದ್ದರೆ ಮಾತ್ರ ಆ ದೃಶ್ಯಕ್ಕೆ ಅರ್ಥ.

ಇದೇ ಕಂತಿನಲ್ಲಿ ಮುಂದೆ ಬೇಸಿಲ್ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಸೇರುತ್ತಾನೆ. ಡಾಕ್ಟರ್ ಆಗಿ ಬರುವವರು ಗ್ಯಾಂಬಿಯಾದಲ್ಲಿ ಹುಟ್ಟಿದ ನಟ ಲೂಯಿ ಮಹೋನಿ. ಅವರನ್ನು ನೋಡಿದ ಕೂಡಲೇ ಬೇಸಿಲ್ ಬೆಚ್ಚಿ ಹಿಂದೆ ಸರಿಯುತ್ತಾನೆ. ಒಂದು ಕ್ಷಣ ಅಷ್ಟೇ, ಮಾತೇ ಇಲ್ಲ. ಮೇಜರ್ ಮಾತಿನ ಮುಂದುವರಿಕೆ ಅದು. ಮೇಜರ್ ಬಾಯಲ್ಲಿ ಹೇಳಿದ್ದನ್ನು ಬೇಸಿಲ್‌ನ ಮೈ ಹೇಳುತ್ತಿದೆ. ಕತ್ತರಿ ಹಾಕಿದವರು ಮಾತನ್ನು ತೆಗೆದು ಬೆಚ್ಚಿದ್ದನ್ನು ಬಿಟ್ಟರು. ಈಗ ಆ ಬೆಚ್ಚುವಿಕೆ ಎಲ್ಲಿಂದ ಬಂತು ಅಂತಲೇ ಗೊತ್ತಾಗದೆ ಒಂಟಿಯಾಗಿ ನಿಂತಿದೆ, ಬರೀ ಒರಟು ತಮಾಷೆಯಾಗಿ ಕಾಣುತ್ತದೆ.

ಯಾದವಗಿರಿ ಹುಡುಗಿ

ಒಂದು ಪ್ರಶ್ನೆ. ಮೇಜರ್ ನೋಡಿದ ಆ ಓವಲ್ ಪಂದ್ಯ ಯಾವುದು? 1971ರದ್ದೇ ಇರಬೇಕು ಅಂತ ನಮ್ಮ ಮಾವ ಪಟ್ಟು ಹಿಡಿದಿದ್ದಾರೆ.

ಗೂಗ್ಲಿ ಪ್ರಿಯ

ನಿಮ್ಮ ಮಾವನ ಆಸೆ ಮೈಸೂರಿನ ಪ್ರತಿಯೊಬ್ಬರ ಆಸೆ. ಆದರೆ ಪಂದ್ಯ ಅದಲ್ಲ.

ಮೇಜರ್ ಮಾತು ಸರಿಯಾಗಿ ಕೇಳಿಸಿಕೊಳ್ಳಿ. ಕೊನೆಯ ಅರ್ಧ ಗಂಟೆಯಲ್ಲಿ 33 ರನ್ ಬೇಕಿದ್ದದ್ದು ಸರ್ರೆ ತಂಡಕ್ಕೆ, ಇಂಗ್ಲೆಂಡಿಗಲ್ಲ. ಅಂದರೆ ಅದು ಟೆಸ್ಟ್ ಅಲ್ಲ, ಪ್ರವಾಸಿ ತಂಡ ಕೌಂಟಿಯ ಮೇಲೆ ಆಡುವ ಪಂದ್ಯ. ಅದೂ ಮೇಜರ್ ವಯಸ್ಸಲ್ಲಿದ್ದಾಗಿನದು. ಓವಲ್‌ನಲ್ಲಿ ಸರ್ರೆ ಮೇಲೆ ಇಂಡಿಯಾ ಆಡಿದ ಹಳೇ ಪಂದ್ಯಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1946ರ ಮೇ ತಿಂಗಳಿನದು. 205ಕ್ಕೆ ಇಂಡಿಯಾದ 9 ವಿಕೆಟ್ ಹೋಗಿತ್ತು. ಹತ್ತನೆಯವರಾಗಿ ಸರ್ವಟೆ, ಹನ್ನೊಂದನೆಯವರಾಗಿ ಬ್ಯಾನರ್ಜಿ ಬಂದು ಇಬ್ಬರೂ ಸೆಂಚುರಿ ಹೊಡೆದರು, ಕೊನೆಯ ವಿಕೆಟ್ಟಿಗೆ 249 ರನ್! ಆದರೆ ಅಲ್ಲಿ ಸರ್ರೆ ಫಾಲೋ ಆನ್ ಆಗಿ ಸೋತಿತು, ಹಾಗಾಗಿ ಮೇಜರ್ ಹೇಳುವ ರೋಚಕ ಕೊನೆಗೆ ಅದೂ ಹೊಂದುವುದಿಲ್ಲ. ಬರಹಗಾರರು ಕಟ್ಟಿದ ಪಂದ್ಯ ಅಂತಲೇ ನನ್ನ ಲೆಕ್ಕ.

ಹಾಗಂತ 1971ನ್ನು ಪಕ್ಕಕ್ಕೆ ಇಡಬೇಕಿಲ್ಲ. ಈ ಕಂತು ಪ್ರಸಾರವಾದದ್ದು 1975ರ ಅಕ್ಟೋಬರ್ 24ರಂದು. ಅದಕ್ಕೆ ನಾಲ್ಕು ವರ್ಷದ ಹಿಂದೆ, ಆಗಸ್ಟ್ 24ರಂದು, ಅದೇ ಓವಲ್‌ನಲ್ಲಿ ಇಂಡಿಯಾ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿತ್ತು. ಎರಡನೇ ಇನಿಂಗ್ಸಿನಲ್ಲಿ ಇಂಗ್ಲೆಂಡ್ 101ಕ್ಕೆ ಆಲೌಟ್. 38 ರನ್ ಕೊಟ್ಟು 6 ವಿಕೆಟ್ ಕಿತ್ತವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈ, ಅದೇ ಕೈಯಿಂದ. ಆವತ್ತು ಗಣೇಶ ಚತುರ್ಥಿ. ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಅನ್ನೋ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು.

ಈಗ ಯೋಚನೆ ಮಾಡಿ. ಸ್ಟುಡಿಯೋದಲ್ಲಿ ನಕ್ಕ ಜನರಿಗೆ ‘ಓವಲ್‌ನಲ್ಲಿ ಇಂಡಿಯಾ’ ಅಂದರೆ ಮೊದಲು ನೆನಪಾಗುವುದು ಆ ಸೋಲು. ಮೇಜರ್ ಮಾತ್ರ ಇನ್ನೂ ಹಳೇ ಸಾಮ್ರಾಜ್ಯದ ಕಾಲದಲ್ಲೇ ಇದ್ದಾನೆ. ಅವನು ಹೀನ ಪದದಿಂದ ಕರೆಯುವ ಜನ ಅವನ ಊರಿಗೇ ಬಂದು ಗೆದ್ದುಕೊಂಡು ಹೋಗಿದ್ದಾರೆ. ಟೀಚರ್, ನೀವು ಕೇಳಿದ ‘ಯಾರ ಮೇಲೆ ನಕ್ಕರು’ ಅನ್ನೋದಕ್ಕೆ ಇದು ಪೂರ್ತಿ ಉತ್ತರವಲ್ಲ, ಗೊತ್ತು. ಆದರೆ ನನಗೆ ಆ ದೃಶ್ಯ ನೋಡುವಾಗ ಅವಮಾನ ಆಗುವುದಿಲ್ಲ. ಚಂದ್ರ ಕಣ್ಣ ಮುಂದೆ ಬರುತ್ತಾರೆ.

ಸಕ್ಕರೆ ನಾಡು

ನಂದು ಮಂಡ್ಯದ ಹತ್ರ ಹಳ್ಳಿ. ಮೈಸೂರಲ್ಲಿ ಲಾಡ್ಜಿಂಗ್ ಇರೋ ಒಂದು ಹೋಟ್ಲಲ್ಲಿ ರೂಮ್ ಬಾಯ್ ಆಗಿ ಸೇರ್ಕಂಡು ಆಮೇಲೆ ಕೌಂಟರ್‌ಗೂ ಕೂತವನು ನಾನು. ಎಲ್ರೂ ಮೇಜರ್ ವಿಷ್ಯ ಮಾತಾಡ್ತಾವ್ರೆ, ನಾನು ಮ್ಯಾನ್ಯುಯೆಲ್ ವಿಷ್ಯ ಹೇಳ್ತೀನಿ ಕನಣ್ಣ.

ದಸರಾ ಟೈಮಲ್ಲಿ ಹತ್ತೂ ದಿನ ರೂಮ್ ಫುಲ್. ಯಾವ್ಯಾವ್ದೋ ರಾಜ್ಯದೋರು, ಫಾರಿನ್‌ನೋರು. ಒಬ್ರು ಹೇಳಿದ್ದು ಅರ್ಧ ಅರ್ಥ ಆಗೋದು, ಇನ್ನರ್ಧನ ಮುಖ ನೋಡಿ ತಿಳ್ಕಬೇಕು. ಟವೆಲ್ ಕೇಳುದ್ರೋ ಟೇಬಲ್ ಕೇಳುದ್ರೋ ಅಂತ ಮೆಟ್ಲು ಇಳಿಯೋವಾಗ ಬಾಯಲ್ಲಿ ಹೇಳ್ಕಂಡು ಹೇಳ್ಕಂಡು ಬರೋದು. ತಪ್ಪಾಯ್ತೋ, ಮೇಲಿಂದ ಕಸ್ಟಮರ್ರು, ಕೆಳಗಿಂದ ಮಾಲೀಕ. ನಾನಿದ್ದ ಜಾಗದಲ್ಲಿ ಕೈ ಎತ್ತಿದ್ದೂ ಉಂಟು. ಅದುಕ್ಕೇ ಬೇಸಿಲ್ ಮ್ಯಾನ್ಯುಯೆಲ್ ತಲೆ ಮೇಲೆ ಬಾರಿಸ್ದಾಗ ಮೊದ್ಲ ಸಲ ನಂಗೆ ನಗು ಬರ್ನಿಲ್ಲ.

ಆದ್ರೆ ಮತ್ತೆ ಮತ್ತೆ ನೋಡ್ದಾಗ ಒಂದು ಕಾಣ್ತು. ಇಡೀ ಹೋಟ್ಲಲ್ಲಿ ಕೆಲ್ಸನ ಮನಸಿಟ್ಟು ಮಾಡೋನು ಅವನೊಬ್ನೇ. ಜರ್ಮನ್ಸ್ ಕಂತಲ್ಲೇ ನೋಡಿ. ಕೌಂಟರ್ ಹಿಂದೆ ಬಗ್ಗಿ ಕ್ಲೀನ್ ಮಾಡ್ಕಂಡು, ಯಾರೂ ಇಲ್ಲ ಅಂತ ಇಂಗ್ಲಿಷ್ ಪ್ರಾಕ್ಟೀಸ್ ಮಾಡ್ತಾವ್ನೆ, ಪುಸ್ತಕ ಓದ್ಕಂಡು ಕಲ್ತೆ ಅಂತವ್ನೆ. ಮೇಜರ್‌ಗೆ ಕೌಂಟರ್ ಮೇಲಿರೋ ಮೂಸ್ ಅನ್ನೋ ದೊಡ್ಡ ಜಿಂಕೆ ತಲೆ ಮಾತಾಡ್ದಂಗೆ ಕೇಳ್ಸುತ್ತೆ. ಎಲ್ರೂ ಮೇಜರ್ ಮುಖ ನೋಡಿ ನಗ್ತಾರೆ. ನಂಗೆ ಕಾಣೋದು ಆ ಕೌಂಟರ್ ಹಿಂದ್ಗಡೆ ಹುಡ್ಗ. ನಾನೂ ರಿಸೆಪ್ಶನ್ ಖಾಲಿ ಇದ್ದಾಗ ಹಂಗೇ ಮಾಡ್ತಿದ್ದೆ.

ಕೊನೇ ಕಂತು ‘ಬೇಸಿಲ್ ದ ರ್‍ಯಾಟ್’ ಕೊನೇ ಶಾಟ್ ಯಾರಾದ್ರೂ ಗಮನ್ಸಿದೀರಾ? ಆರೋಗ್ಯ ಇಲಾಖೆಯೋನ್ ಮುಂದೆ ಬಿಸ್ಕತ್ ಡಬ್ಬ ತೆಗುದ್ರೆ ಒಳ್ಗೆ ಇಲಿ ಕೂತದೆ. ಬೇಸಿಲ್ ಎಚ್ಚರ ತಪ್ಪಿ ಬೀಳ್ತಾನೆ. ಸಿಬಿಲ್ ಏನೂ ಆಗ್ದಿರೋ ಹಂಗೆ ಮಳೆ ವಿಷ್ಯ ಮಾತಾಡ್ತಾವ್ಳೆ. ಹಿಂದ್ಗಡೆ ಮ್ಯಾನ್ಯುಯೆಲ್ ಬೇಸಿಲ್‌ನ ಕಾಲು ಹಿಡ್ಕಂಡು ದರದರ ಎಳ್ಕಂಡೋಗ್ತಾನೆ. 12 ಕಂತು ಯಾರು ಯಾರನ್ನ ಎಳೆದಾಡಿದ್ರು, ಕಟ್ಟ ಕಡೇಲಿ ಯಾರು ಯಾರನ್ನ ಎಳ್ಕಂಡು ಹೋದ್ರು! ಅದುನ್ನ ಬರ್ದೋರ್ಗೆ ನನ್ನ ನಮಸ್ಕಾರ.

ಒಂಟಿಕೊಪ್ಪಲು ವಾಸಿ

ಸಕ್ಕರೆ ನಾಡು ಅವರೇ, ಆ ಕೊನೆಯ ಶಾಟ್ ಅನ್ನು ಈ ಕಣ್ಣಿನಿಂದ ನಾನು ನೋಡಿರಲಿಲ್ಲ. ಇನ್ನು ಮುಂದೆ ಬೇರೆ ಥರ ನೋಡಲು ಆಗುವುದೂ ಇಲ್ಲ.

ಮ್ಯಾನ್ಯುಯೆಲ್ ಆಗಿ ಮಾಡಿದ ಆಂಡ್ರೂ ಸ್ಯಾಕ್ಸ್ ಬಗ್ಗೆ ನೀವು ತಿಳಿಯಬೇಕು. ಅವರು ಸ್ಪೇನಿನವರಲ್ಲ. 1930ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ತಂದೆ ಯಹೂದಿ. ನಾಜಿಗಳ ಕಾಟಕ್ಕೆ 1938ರಲ್ಲಿ ಕುಟುಂಬ ಇಂಗ್ಲೆಂಡಿಗೆ ಓಡಿಬಂತು. ಪರಭಾಷೆಯ ನಾಡಿನಲ್ಲಿ ಅರ್ಧಂಬರ್ಧ ಅರ್ಥಮಾಡಿಕೊಂಡು ಬದುಕುವುದು ಏನು ಅಂತ ಎಂಟು ವರ್ಷದ ಹುಡುಗನಾಗಿ ಉಂಡವರು. ಮೊದಲು ಕೇಳಿದಾಗ, ಈ ವೇಟರನ್ನು ಜರ್ಮನ್ ಮಾಡಬಹುದಲ್ಲ ಅಂತ ಕೂಡ ಅಂದಿದ್ದರು. ಹಾಗೆ ಮಾಡಿದ್ದರೆ ‘ದ ಜರ್ಮನ್ಸ್’ ಕಂತು ಹುಟ್ಟುತ್ತಲೇ ಇರಲಿಲ್ಲ. ಅತಿಥಿಗಳಾಗಿ ಬಂದ ಜರ್ಮನ್ನರ ಮುಂದೆ ಬೇಸಿಲ್ ಯುದ್ಧದ ಮಾತು ತೆಗೆದು ತೆಗೆದು ಅವರನ್ನು ಅಳಿಸುವಾಗ, ಆ ಹೋಟೆಲಿನ ಒಳಗೆ ನಿಜವಾಗಿ ಯುದ್ಧದ ಬಿಸಿ ತಾಗಿದ್ದವರು ಸ್ಪ್ಯಾನಿಷ್ ಮೀಸೆ ಅಂಟಿಸಿಕೊಂಡ ಸ್ಯಾಕ್ಸ್.

ಅವರಿಗೆ ಬಿದ್ದ ಪೆಟ್ಟೂ ಸುಳ್ಳಲ್ಲ. ‘ದ ವೆಡ್ಡಿಂಗ್ ಪಾರ್ಟಿ’ಯಲ್ಲಿ ಕ್ಲೀಸ್ ಕೈಗೆ ಸಿಕ್ಕಿದ್ದು ನಿಜವಾದ ಪಾತ್ರೆ, ತಲೆನೋವು ದಿನಗಟ್ಟಲೆ ಉಳಿಯಿತು. ಜರ್ಮನ್ಸ್ ಕಂತಿನ ಅಡುಗೆಮನೆ ಬೆಂಕಿ ದೃಶ್ಯದಲ್ಲಿ ಕೋಟಿನಿಂದ ಹೊಗೆ ಬರಲಿ ಅಂತ ಹಚ್ಚಿದ ರಾಸಾಯನಿಕ ಮೈ ಸುಟ್ಟಿತು, ಪರಿಹಾರ ಕೊಡಬೇಕಾಯಿತು.

ಯಾದವಗಿರಿ ಹುಡುಗಿ

ಸ್ಪೇನಿನಲ್ಲಿ ಡಬ್ ಮಾಡಿದಾಗ ಮ್ಯಾನ್ಯುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿದರಂತಲ್ಲ, ಅದೂ ಒಂದು ಕತ್ತರಿಯೇ ಅಲ್ಲವೇ? ಬಾರ್ಸಿಲೋನಾ ಇರುವ ಕ್ಯಾಟಲೋನಿಯಾದ ವಾಹಿನಿಯಲ್ಲಿ ಮೆಕ್ಸಿಕೋದವನಾದ. ಅವರವರ ನೋವು ಅವರಿಗೆ. ತಮಾಷೆ ಬೇಕು, ಆದರೆ ತಮ್ಮ ಮೇಲೆ ಬೇಡ. ನಾವು ಮಾತ್ರ ನಮ್ಮ ಮೇಲೆ ಬಿದ್ದ ಮಾತನ್ನು ಉಳಿಸಿ ಅಂತ ವಾದ ಮಾಡುತ್ತಿದ್ದೇವೆ. ಇದು ದೊಡ್ಡತನವೋ, ದೂರ ಕೂತಿರುವ ಧೈರ್ಯವೋ ನನಗೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಬೋರ್ಡಿನ ವಿಷಯ. ಪ್ರತಿ ಕಂತಿನ ಮೊದಲಿಗೆ ಹೋಟೆಲಿನ ನಾಮಫಲಕ ತೋರಿಸುತ್ತಾರೆ. ಮೊದಲ ಸರಣಿಯಲ್ಲಿ ಅಕ್ಷರ ವಾಲಿರುತ್ತದೆ, ಉದುರಿರುತ್ತದೆ. ಎರಡನೇ ಸರಣಿಯಲ್ಲಿ ಯಾರೋ ಅಕ್ಷರಗಳನ್ನು ಕಿತ್ತು ಬೇರೆ ಬೇರೆ ಪದ ಮಾಡಿಟ್ಟಿರುತ್ತಾರೆ, ಒಂದೆರಡು ಹೇಳಲಾಗದಂಥವು. ಯಾರು ಮಾಡುತ್ತಾರೆ ಅಂತ ‘ದ ಸೈಕಿಯಾಟ್ರಿಸ್ಟ್’ ಕಂತಿನಲ್ಲಿ ಮಾತ್ರ ಕಾಣಿಸುತ್ತದೆ: ಪೇಪರ್ ಹಾಕುವ ಹುಡುಗ. ಮೇಜರ್ ದಿನಾ ಕಾಯುವುದು ಅವನು ತರುವ ಪೇಪರಿಗೇ.

ಜರ್ಮನ್ಸ್ ಕಂತಿನಲ್ಲಿ ಮಾತ್ರ ಬೋರ್ಡು ಇಲ್ಲವೇ ಇಲ್ಲ, ಆಸ್ಪತ್ರೆಯ ಕಟ್ಟಡದಿಂದ ಶುರುವಾಗುತ್ತದೆ.

ಹೋಟೆಲಿನ ಹೊರನೋಟಕ್ಕೆ ಬಳಸಿದ್ದು ಬಕಿಂಗ್‌ಹ್ಯಾಮ್‌ಷೈರಿನ ವೂಬರ್ನ್ ಗ್ರೇಂಜ್ ಅನ್ನೋ ಕ್ಲಬ್ಬು. 1991ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಬೇಸಿಲ್ ಪಾತ್ರಕ್ಕೆ ಮೂಲವಾದ ಟಾರ್ಕೀಯ ಗ್ಲೆನ್‌ಈಗಲ್ಸ್ ಹೋಟೆಲೂ ಈಗಿಲ್ಲ. 1970ರಲ್ಲಿ ಕ್ಲೀಸ್ ಇದ್ದ ಮಾಂಟಿ ಪೈಥನ್ ಹಾಸ್ಯ ತಂಡ ಅಲ್ಲಿ ಇಳಿದುಕೊಂಡಿತ್ತು. ತಂಡದ ಎರಿಕ್ ಐಡಲ್ ಅವರ ಬ್ಯಾಗಿನಲ್ಲಿದ್ದ ಗಡಿಯಾರದ ಟಿಕ್ ಟಿಕ್ ಕೇಳಿ ಬಾಂಬು ಅಂತ ಮಾಲೀಕ ಅದನ್ನು ಗೋಡೆಯಾಚೆ ಇಟ್ಟುಬಂದನಂತೆ. ಉಳಿದವರು ಹೋಟೆಲು ಬಿಟ್ಟು ಹೋದರು, ಕ್ಲೀಸ್ ಮಾತ್ರ ಅವನನ್ನು ನೋಡುತ್ತಾ ಅಲ್ಲೇ ಉಳಿದರು.

ಮೂರನೇ ಸಾಲು

ನಾಟಕದವರಿಗೆ ಇದರಲ್ಲಿ ಕಲಿಯಲು ಎಷ್ಟಿದೆ ಅಂದರೆ, ಒಂದು ಶಾಟ್ ಮಾತ್ರ ಹೇಳುತ್ತೇನೆ. ‘ಗೌರ್ಮೆ ನೈಟ್’. ಊಟಕ್ಕೆ ದೊಡ್ಡವರು ಬಂದು ಕೂತಿದ್ದಾರೆ, ಬಾತುಕೋಳಿ ತರಲು ಹೋದ ಬೇಸಿಲ್‌ನ ಕೆಂಪು ಆಸ್ಟಿನ್ ಕಾರು ನಡುಬೀದಿಯಲ್ಲಿ ನಿಂತುಬಿಟ್ಟಿದೆ. ಕಾರಿಗೆ ಬೈಯುತ್ತಾನೆ, ಎಚ್ಚರಿಕೆ ಕೊಡುತ್ತಾನೆ, ಎಣಿಸುತ್ತಾನೆ. ಆಮೇಲೆ ಓಡಿ ಚೌಕಟ್ಟಿನಿಂದಲೇ ಹೊರಗೆ ಹೋಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಸುಮ್ಮನೆ ನಿಂತ ಕಾರನ್ನೇ ನೋಡುತ್ತಾ ಇರುತ್ತದೆ. ನಾವೂ ಕಾಯುತ್ತೇವೆ. ಮರದ ಕೊಂಬೆ ಹಿಡಿದು ಬಂದು ಕಾರಿಗೆ ಬಾರಿಸಲು ಶುರುಮಾಡುತ್ತಾನೆ. ಕೊಂಬೆಯನ್ನು ಹುಡುಕಿ ಮುರಿಯುವುದನ್ನು ತೋರಿಸಿದ್ದರೆ ನಗು ಅಲ್ಲೇ ಸೋರಿಹೋಗುತ್ತಿತ್ತು. ಆ ಖಾಲಿ ಕ್ಷಣವನ್ನು ಧೈರ್ಯವಾಗಿ ಇಟ್ಟುಕೊಂಡರು. ಕೊಂಬೆ ತೀರಾ ಗಟ್ಟಿಯಾದರೂ ಕೆಡುತ್ತದೆ, ತೀರಾ ಬಳುಕಿದರೂ ಕೆಡುತ್ತದೆ ಅಂತ ಕ್ಲೀಸ್ ಹಲವು ಕೊಂಬೆ ಹಿಡಿದು ನೋಡಿ ಆರಿಸಿದ್ದರು.

ಈ ಮಟ್ಟದ ಜನ ಅರ್ಧ ಗಂಟೆಯ ಕಂತಿಗೆ ಬರೆಯುತ್ತಿದ್ದದ್ದು ಬೇರೆ ಹಾಸ್ಯ ಧಾರಾವಾಹಿಗಳ ಸ್ಕ್ರಿಪ್ಟಿನ ಎರಡು ಪಟ್ಟು ಪುಟ. ಎಡಿಟಿಂಗ್‌ಗೆ ಕಂತೊಂದಕ್ಕೆ 20 ಗಂಟೆಗೂ ಮಿಕ್ಕಿ ಕೂರುತ್ತಿದ್ದರು. ಅಂದರೆ ಕತ್ತರಿ ಹಾಕುವ ಕೆಲಸ ಅವರೇ ಮಾಡಿ ಮುಗಿಸಿದ್ದರು. ಬೇಡವಾದ ಒಂದು ಉಸಿರೂ ಅದರಲ್ಲಿ ಉಳಿದಿಲ್ಲ. ಮೊದಲ ಕಂತನ್ನು 1974ರ ಕೊನೆಯಲ್ಲಿ ಚಿತ್ರೀಕರಿಸಿದಾಗ ಪಾಲಿ ತತ್ವಶಾಸ್ತ್ರದ ವಿದ್ಯಾರ್ಥಿನಿ. ಅದು ಹೊಂದುತ್ತಿಲ್ಲ ಅನ್ನಿಸಿ ಚಿತ್ರಕಲೆಯವಳನ್ನಾಗಿ ಮಾಡಿ ಆ ಭಾಗಗಳನ್ನು ಮತ್ತೆ ಚಿತ್ರೀಕರಿಸಿದರು. ಅಂಥ ಕತ್ತರಿಯ ಬಗ್ಗೆ ನನಗೆ ಗೌರವವಿದೆ, ಕೆಲಸ ಚೆನ್ನಾಗಾಗಲಿ ಅಂತ ಮಾಡಿದ್ದು. 2013ರದ್ದು ಆ ಜಾತಿಯದ್ದಲ್ಲ.

ಟೀಚರ್ ಹೇಳಿದ ನಗುವಿನ ವಿಷಯಕ್ಕೆ ಇನ್ನೊಂದು. ‘ದ ಬಿಲ್ಡರ್ಸ್’ ಕಂತಿನ ಚಿತ್ರೀಕರಣಕ್ಕೆ ಐಸ್‌ಲ್ಯಾಂಡಿನ ಪ್ರಸಾರ ಸಂಸ್ಥೆಯವರನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಅವರು ನಗಲೇ ಇಲ್ಲ. ಆ ಕಂತು ನೋಡುವಾಗ ಎಷ್ಟೋ ಒಳ್ಳೆಯ ಜಾಗದಲ್ಲಿ ನಗು ತೆಳ್ಳಗೆ ಕೇಳುತ್ತದೆ. ಸ್ಟುಡಿಯೋ ನಗುವನ್ನು ಇಟ್ಟುಕೊಂಡು ತಮಾಷೆಯ ಬೆಲೆ ಕಟ್ಟಲು ಹೋಗಬಾರದು.

ಸರಸ್ವತಿಪುರಂ ಟೀಚರ್

ಎಲ್ಲರದ್ದೂ ಓದಿದೆ. ಡಾಕ್ಟರ್ ದೃಶ್ಯದ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಮಾತು ತೆಗೆದು ಬೆಚ್ಚಿದ್ದನ್ನು ಬಿಟ್ಟರೆ ಉಳಿದದ್ದು ಹೆಚ್ಚು ಕೆಟ್ಟದಾಗಿ ಕಾಣುತ್ತದೆ ಅನ್ನುವುದು ನಿಜ. ಅರ್ಧ ಕತ್ತರಿಗಿಂತ ಎಚ್ಚರಿಕೆಯ ಸಾಲು ಹಾಕಿ ಪೂರ್ತಿ ತೋರಿಸುವುದು ಮೇಲು, ಇಷ್ಟರ ಮಟ್ಟಿಗೆ ನಿಮ್ಮ ಜೊತೆ ಬರುತ್ತೇನೆ.

ಆದರೆ ಯಾದವಗಿರಿ ಹುಡುಗಿ ಕೇಳಿದ್ದನ್ನು ಯಾರೂ ಮುಟ್ಟಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲೋ ಲೆಸ್ಟರಿನಲ್ಲೋ ಆ ಕಾಲದಲ್ಲಿ ಬೆಳೆದ ಒಬ್ಬ ಭಾರತೀಯ ಹುಡುಗನಿಗೆ ಚಂದ್ರಶೇಖರರ 6 ವಿಕೆಟ್ ರಕ್ಷಾಕವಚ ಆಗಿರಲಿಲ್ಲ. ಗೂಗ್ಲಿ ಪ್ರಿಯರೇ, ನಿಮಗೆ ಅವಮಾನ ಆಗುವುದಿಲ್ಲ, ಯಾಕೆಂದರೆ ಅದನ್ನು ನಿಮ್ಮ ಮುಖಕ್ಕೆ ಯಾರೂ ಹೇಳಿಲ್ಲ. ನಮ್ಮಲ್ಲೂ ಹಳೇ ನಾಟಕ, ಹಳೇ ಹಾಸ್ಯದಲ್ಲಿ ಯಾರ್‍ಯಾರ ಜಾತಿ, ಯಾರ್‍ಯಾರ ಕಸುಬು ಹಿಡಿದು ಆಡಿದ ಮಾತಿದೆ. ಅದನ್ನು ಉಳಿಸಿ ಅಂತ ವಾದ ಮಾಡುವಾಗ, ಆ ಜಾತಿ, ಆ ಕಸುಬಿನವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ ಅಂತ ನೆನಪಿಟ್ಟುಕೊಂಡು ಮಾತಾಡೋಣ.

ಗೂಗ್ಲಿ ಪ್ರಿಯ

ಟೀಚರ್, ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಆ ಹುಡುಗ ಬಂದು ತೆಗೆಯಿರಿ ಅಂದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಅವನ ಪರವಾಗಿ ಬೇರೆಯವರು ತೆಗೆದಾಗ ಮಾತ್ರ ನಿಲ್ಲುತ್ತೇನೆ.

ಸಕ್ಕರೆ ನಾಡು

ಟೀಚರಮ್ಮ ಹೇಳಿದ್ದು ನಂಗೆ ಸರಿ ಅನ್ನುಸ್ತು. ಮ್ಯಾನ್ಯುಯೆಲ್‌ಗೆ ಹೊಡ್ದಾಗ ನಂಗೆ ನಗು ಬರ್ದಿದ್ದೂ ಅದುಕ್ಕೇ. ಆದ್ರೂ ಆ ಹೊಡ್ತ ತೆಗ್ದಾಕಿ ಅಂತ ನಾನು ಹೇಳಲ್ಲ. ಹೊಡ್ತ ಇಲ್ದೆ ಹೋದ್ರೆ ಕೊನೇಲಿ ಕಾಲು ಹಿಡ್ಕಂಡು ಎಳ್ಕಂಡೋಗೋದಕ್ಕೆ ಏನ್ ಬೆಲೆ?

ಹಂಗೇ ಒಂದು ಕೇಳ್ಕತೀನಿ. ‘ಕಮ್ಯುನಿಕೇಶನ್ ಪ್ರಾಬ್ಲಮ್ಸ್’ ಬಗ್ಗೆ ಯಾರೂ ಬರೀಲೇ ಇಲ್ವಲ್ಲ. ಕಿವಿ ಮೆಷಿನ್ನಿಗೆ ಬ್ಯಾಟ್ರಿ ಖರ್ಚಾಯ್ತದೆ ಅಂತ ಆಫ್ ಮಾಡ್ಕಂಡು ಓಡಾಡೋ ಆ ಮಿಸೆಸ್ ರಿಚರ್ಡ್ಸ್! ಕಿಟಕಿಯಿಂದ ಸೀನರಿ ಕಾಣ್ಸಲ್ಲ ಅಂತ ಜಗಳ ಕಾಯೋ ಅಂಥ ಕಸ್ಟಮರ್ರು ನಮ್ಮೋಟ್ಲಿಗೂ ಬಂದವ್ರೆ, ಚಾಮುಂಡಿ ಬೆಟ್ಟ ಕಾಣೋ ರೂಮೇ ಬೇಕು ಅಂತ.

ಒಂಟಿಕೊಪ್ಪಲು ವಾಸಿ

ಆ ಕಂತಿಗೆ ಬೇರೆಯೇ ಚರ್ಚೆ ಬೇಕು. ಅಲ್ಲಿ ಮೇಜರ್‌ನ ಮರೆವು ಹೇಗೆ ಕೆಲಸ ಮಾಡುತ್ತದೆ ನೋಡಿ. ಕುದುರೆ ಜೂಜಿನಲ್ಲಿ ಗೆದ್ದ ದುಡ್ಡನ್ನು ಸಿಬಿಲ್‌ಗೆ ಗೊತ್ತಾಗದ ಹಾಗೆ ಇಟ್ಟುಕೊಳ್ಳಿ ಅಂತ ಬೇಸಿಲ್ ಅವನ ಕೈಗೆ ಕೊಡುತ್ತಾನೆ. ಬೇಕಾದಾಗ ಮೇಜರ್‌ಗೆ ನೆನಪಿಲ್ಲ, ಬೇಡವಾದಾಗ ನೆನಪಾಗುತ್ತದೆ. ಬ್ಯಾಂಕಿನ ಹೆಸರು ಮರೆತ, ಗೆಳತಿಯ ಹೆಸರು ಮರೆತ, ಆದರೆ ಯಾವ ಜನಕ್ಕೆ ಯಾವ ಹೀನ ಪದ ಅನ್ನುವುದನ್ನು ಮಾತ್ರ ಮರೆಯದ ಮನುಷ್ಯ ಇವನೇ. ಟೀಚರ್, ಈ ಒಂದು ಕಾರಣಕ್ಕಾದರೂ ಆ ಸಾಲು ಅಲ್ಲಿರಬೇಕು ಅಂತ ನನಗೆ ಈಗ ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ.

ಸರಸ್ವತಿಪುರಂ ಟೀಚರ್

ಮೇಜರ್ ಏನನ್ನು ಮರೆಯಲಿಲ್ಲ ಅನ್ನುವುದು ಒಳ್ಳೆಯ ಮಾತು. ಅದನ್ನು ಮೊದಲೇ ಹೇಳಿದ್ದರೆ ನನ್ನ ಮೊದಲ ಉತ್ತರ ಇಷ್ಟು ಬಿಗಿಯಾಗಿ ಇರುತ್ತಿರಲಿಲ್ಲ.

ನಮ್ಮ ಮನೆಯ ಹಾಲಿನಲ್ಲಿ ಹತ್ತು ಹನ್ನೆರಡು ಜನ ಕೂರಬಹುದು. ಬರುವ ಭಾನುವಾರ ಸಂಜೆ ಬನ್ನಿ, ಪೂರ್ತಿ ಇರುವ ‘ದ ಜರ್ಮನ್ಸ್’ ಹಾಕೋಣ, ಆಮೇಲೆ ‘ಕಮ್ಯುನಿಕೇಶನ್ ಪ್ರಾಬ್ಲಮ್ಸ್’. ನನ್ನ ಪಿಯುಸಿ ಮಕ್ಕಳು ನಾಲ್ಕೈದು ಜನ ಇರುತ್ತಾರೆ. ಅವರಿಗೆ ಮೊದಲೇ ಏನೂ ಹೇಳುವುದಿಲ್ಲ, ನೋಡಿದ ಮೇಲೆ ಅವರೇ ಮಾತಾಡಲಿ. ಸಕ್ಕರೆ ನಾಡು ಅವರು ಕಡ್ಡಾಯವಾಗಿ ಬರಬೇಕು.

ಸಕ್ಕರೆ ನಾಡು

ಭಾನುವಾರ ನಂಗೆ ಮಧ್ಯಾಹ್ನದ ಶಿಫ್ಟು, ಆರು ಗಂಟೆಗೆ ಬುಡ್ತಾರೆ. ಆರೂವರೆಗೆ ಶುರು ಮಾಡಿ, ಮದ್ದೂರು ವಡೆ ನಾನು ತತ್ತೀನಿ.